ದಂಡ ಕಟ್ಟಿದರೆ ಮುಗಿಯಿತೇ?

ಗುಡೂರು ನೇಕಾರರ ಊರು. ಇಲ್ಲಿ ಮಗ್ಗದಿಂದ ಇಳಿದ ಸೀರೆ, ಖಣ ಪೇಟೆ ಮುಟ್ಟಬೇಕು, ಪೇಟೆಯಿಂದ ನೂಲು ಇಲ್ಲಿಗೆ ಬರಬೇಕು. ಆದ್ದರಿಂದ ಊರಿನ ಅನ್ನ ಮಗ್ಗದ ಮೇಲೆ ನಿಂತಷ್ಟೇ ರಸ್ತೆಯ ಮೇಲೂ ನಿಂತಿದೆ. ಟಂಟಂ ಓಡಿಸುವವರು, ಕ್ರೂಸರ್‌ನಲ್ಲಿ ಮದುವೆಗೆ, ಜಾತ್ರೆಗೆ, ಉರುಸಿಗೆ ಜನರನ್ನು ಒಯ್ಯುವವರು, ಇಳಕಲ್ಲಿನ ಹೆದ್ದಾರಿ ಹಿಡಿದು ದೂರದ ಊರಿಗೆ ಸರಕು ಸಾಗಿಸುವವರು ಈ ಭಾಗದ ಪ್ರತಿ ಓಣಿಯಲ್ಲೂ ಇದ್ದಾರೆ. ಇಂಥವರ ಮೊಬೈಲಿಗೆ ಅತಿವೇಗದ ದಂಡದ ಸಂದೇಶ ಬಂದರೆ ಏಳುವ ಮೊದಲ ಪ್ರಶ್ನೆ, ಎಷ್ಟು? ಎರಡನೆಯದು, ಕಡಿಮೆ ಮಾಡುತ್ತಾರೆಯೇ? ಇದಕ್ಕೆ ಏನಾದರೂ ಕಲಿಯಬೇಕೇ ಎಂದು ಕೇಳಿದವರನ್ನು ನಾವು ಕಂಡಿಲ್ಲ. ಕೇಳದಿರುವುದು ಅವರ ತಪ್ಪೂ ಅಲ್ಲ. ನಮ್ಮ ಕಾನೂನು ಚಾಲಕನನ್ನು ಶಿಕ್ಷಿಸಲು ಕಲಿತು ಒಂದು ಶತಮಾನ ದಾಟಿದ ಮೇಲೆ ಅವನಿಗೆ ಮತ್ತೆ ಕಲಿಸುವ ಯೋಚನೆಗೆ ಬಂದಿದೆ.

ಶಿಕ್ಷೆಯ ಕಥೆ ಕಾರಿಗಿಂತಲೂ ಹಳೆಯದು. ಸಾರ್ವಜನಿಕ ರಸ್ತೆಯಲ್ಲಿ ದುಡುಕಿನಿಂದ ಗಾಡಿ ಓಡಿಸುವುದನ್ನು ಅಪರಾಧವೆಂದ 279ನೇ ಸೆಕ್ಷನ್ 1860ರ ಭಾರತೀಯ ದಂಡ ಸಂಹಿತೆಯಲ್ಲಿತ್ತು. ಆಗ ಶಾಸಕರ ಕಣ್ಣ ಮುಂದಿದ್ದುದು ಕುದುರೆ ಗಾಡಿ, ಸವಾರರು. ಮೋಟಾರಿನ ವೇಗಕ್ಕೆ ಮೊದಲು ದಂಡ ತೆತ್ತವನೆಂದು ಹೆಸರಾದವನು ಇಂಗ್ಲೆಂಡಿನ ವಾಲ್ಟರ್ ಅರ್ನಾಲ್ಡ್. 1896ರಲ್ಲಿ ಗಂಟೆಗೆ 2 ಮೈಲಿ ಮಿತಿಯ ಊರೊಳಗೆ 8 ಮೈಲಿ ವೇಗದಲ್ಲಿ ಹೋದ ಅವನನ್ನು ಪೊಲೀಸ್ ಪೇದೆ ಸೈಕಲ್ಲಿನಲ್ಲಿ ಬೆನ್ನಟ್ಟಿ ಹಿಡಿದ. ವೇಗಕ್ಕೆ ಬಿದ್ದ ದಂಡ ಒಂದು ಶಿಲ್ಲಿಂಗ್.

ನಮ್ಮ ದೇಶದಲ್ಲಿ ಮೊದಲು ಮುಂಬಯಿ, ಮದ್ರಾಸ್, ಬಂಗಾಳ ಪ್ರಾಂತಗಳು ತಮ್ಮ ತಮ್ಮ ಮೋಟಾರು ಕಾಯ್ದೆಗಳನ್ನು ಮಾಡಿಕೊಂಡವು. 1914ರ ಕಾಯ್ದೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ನಿಯಮ ತಂದಿತು: ಲೈಸೆನ್ಸ್ ಇಲ್ಲದೆ ಓಡಿಸಬಾರದು, ಜನರಿಗೆ ಅಪಾಯವಾಗುವಂತೆ ಓಡಿಸಬಾರದು. 1939ರ ಕಾಯ್ದೆ ಲೈಸೆನ್ಸಿಗೆ ಮುಂಚೆ ಸಾಮರ್ಥ್ಯದ ಪರೀಕ್ಷೆ ಇಟ್ಟಿತು. ಪರೀಕ್ಷೆಗೆ ಬರುವವನು ಎಲ್ಲಿ ಕಲಿತು ಬರಬೇಕು ಎಂಬುದು ಅವನವನ ಪಾಡಾಗಿತ್ತು.

ಬಿಜಾಪುರ ಜಿಲ್ಲೆಯ ಹುನಗುಂದ, ಬಾದಾಮಿ ತಾಲೂಕುಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಇಳಕಲ್ಲಿನಿಂದ ದಕ್ಷಿಣಕ್ಕೆ ಸ್ವಲ್ಪ ಹೋದರೆ ಕುಷ್ಟಗಿ, ಅದು ನಿಜಾಮರ ನೆಲ. ಹೈದರಾಬಾದ್ ಸಂಸ್ಥಾನ 1932ರಲ್ಲೇ 27 ಬಸ್ಸುಗಳೊಂದಿಗೆ ಸರ್ಕಾರಿ ರಸ್ತೆ ಸಾರಿಗೆ ಆರಂಭಿಸಿತ್ತು. ಮುಂಬಯಿ ಸರ್ಕಾರದ ಎಸ್.ಟಿ. ಬಸ್ಸು ರಸ್ತೆಗಿಳಿದದ್ದು 1948ರ ಜೂನ್‌ನಲ್ಲಿ, ಮೈಸೂರು ಸರ್ಕಾರದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಸರ್ಕಾರಿ ಬಸ್ಸಿನ ಚಾಲಕನ ಮೇಲೆ ಒಂದು ಇಲಾಖೆಯ ಕಣ್ಣಾದರೂ ಇತ್ತು. ಲಾರಿ, ಟೆಂಪೊ, ಬಾಡಿಗೆ ಗಾಡಿಗಳ ಚಾಲಕರಿಗೆ ಇದ್ದವನು ಉಸ್ತಾದ ಒಬ್ಬನೇ.

ಈ ಉಸ್ತಾದನ ಶಾಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಶಾಲೆ ಬಿಟ್ಟ ಹುಡುಗ ಕ್ಲೀನರ್ ಆಗಿ ಸೇರುತ್ತಿದ್ದ. ಗಾಡಿ ತೊಳೆಯುವುದು, ಟೈರಿನ ಗಾಳಿ ನೋಡುವುದು, ಸ್ಟೆಪ್ನಿ ಬದಲಿಸುವುದು, ರಿವರ್ಸ್ ತೆಗೆಯುವಾಗ ಇಳಿದು ನಿಂತು ‘ಬರ್ಲಿ, ಬರ್ಲಿ’ ಎನ್ನುವುದು ಅವನ ಪಾಠ. ವರ್ಷ ಎರಡು ವರ್ಷ ಕಳೆದ ಮೇಲೆ, ಉಸ್ತಾದನಿಗೆ ಮನಸ್ಸು ಬಂದ ರಾತ್ರಿ, ಖಾಲಿ ರಸ್ತೆಯಲ್ಲಿ ಸ್ಟಿಯರಿಂಗ್ ಕೈಗೆ ಸಿಗುತ್ತಿತ್ತು. ನಮ್ಮ ಸಮುದಾಯದ ಎಷ್ಟೋ ಮನೆಗಳು ಹೀಗೆ ಕಲಿತ ವಿದ್ಯೆಯಿಂದಲೇ ಉಂಡಿವೆ. ಇದನ್ನು ಹಗುರವಾಗಿ ಕಾಣುವವರ ಜೊತೆ ನಾವಿಲ್ಲ. ಎಂಜಿನ್ನಿನ ಸದ್ದಿನಲ್ಲೇ ಕಾಯಿಲೆ ಹೇಳುವ ಕಿವಿ ಯಾವ ತರಗತಿಯಲ್ಲೂ ಬರುವುದಿಲ್ಲ. ಆದರೆ ಉಸ್ತಾದ ತನಗೆ ಗೊತ್ತಿದ್ದುದನ್ನು ಮಾತ್ರ ಕಲಿಸಬಲ್ಲ. ನಿದ್ದೆಗೆಟ್ಟು ಓಡಿಸುವುದು, ಹೊತ್ತಿಗೆ ಮುಂಚೆ ಮುಟ್ಟುವುದೇ ಗಂಡಸುತನ ಎಂಬುದೂ ಅದೇ ಪಾಠದೊಳಗೆ ಸೇರಿ ಬಂದವು. ತಪ್ಪು ಮಾಡಿದ ಶಾಗಿರ್ದನಿಗೆ ಕೆನ್ನೆಗೆ ಒಂದು ಏಟು ಬೀಳುತ್ತಿತ್ತು. ಅವನೇ ಉಸ್ತಾದನಾದ ಮೇಲೆ ತಿದ್ದುವವರು ಯಾರೂ ಇರಲಿಲ್ಲ.

1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ನಿಯಮಗಳು ಡ್ರೈವಿಂಗ್ ಶಾಲೆಗಳಿಗೆ ಲೆಕ್ಕಾಚಾರ ತಂದವು. ಲಘು ವಾಹನಕ್ಕೆ ಕನಿಷ್ಠ 21 ದಿನ, ಭಾರಿ ವಾಹನಕ್ಕೆ 30 ದಿನದ ತರಬೇತಿ ಎಂದು ಬರೆಯಲಾಯಿತು. ಇದೆಲ್ಲ ಲೈಸೆನ್ಸ್ ಪಡೆಯುವ ಮುಂಚಿನ ಮಾತು. ಒಮ್ಮೆ ಅದು ಜೇಬಿಗೆ ಬಂದರೆ ಕಾನೂನಿಗೂ ಚಾಲಕನಿಗೂ ಉಳಿಯುವ ಸಂಬಂಧ ದಂಡದ್ದು.

ಬೇರೆ ದೇಶಗಳು ಇಲ್ಲಿ ಬೇರೆ ದಾರಿ ಹಿಡಿದವು. ಅಮೆರಿಕದ ನ್ಯಾಷನಲ್ ಸೇಫ್ಟಿ ಕೌನ್ಸಿಲ್ 1964ರಲ್ಲಿ ಎಚ್ಚರಿಕೆಯ ಚಾಲನೆಯ ಕೋರ್ಸ್ ಆರಂಭಿಸಿತು. ಅಲ್ಲಿಯ ಹಲವು ರಾಜ್ಯಗಳಲ್ಲಿ ಇಂಥ ತರಗತಿ ಮುಗಿಸಿದವರ ಸಣ್ಣ ಪ್ರಕರಣ ವಜಾ ಆಗುತ್ತದೆ. ಬ್ರಿಟನ್ನಿನಲ್ಲಿ ಪೀಟರ್ ನಾರ್ತ್ ಸಮಿತಿ 1988ರಲ್ಲಿ ಚಾಲಕರಿಗೆ ಮರುತರಬೇತಿ ಸೂಚಿಸಿತು, ಮುಂದೆ ಅದು ವೇಗದ ತಪ್ಪಿಗೂ ಬಂದಿತು. ಮಿತಿಯನ್ನು ಸ್ವಲ್ಪ ಮೀರಿದವನು, ಮೂರು ವರ್ಷದೊಳಗೆ ಇಂಥ ಕೋರ್ಸಿಗೆ ಹೋಗಿರದಿದ್ದರೆ, ತನ್ನದೇ ಹಣ ಕೊಟ್ಟು ಕೆಲವು ಗಂಟೆ ತರಗತಿಯಲ್ಲಿ ಕುಳಿತು ದಂಡದಿಂದಲೂ ಲೈಸೆನ್ಸಿನ ಮೇಲಿನ ಕಪ್ಪು ಅಂಕಗಳಿಂದಲೂ ಪಾರಾಗಬಹುದು. ಇದರಿಂದ ಪ್ರಯೋಜನವಾಯಿತೇ? 2018ರಲ್ಲಿ ಪ್ರಕಟವಾದ ಅಲ್ಲಿನ ಸರ್ಕಾರಿ ಅಧ್ಯಯನದ ಪ್ರಕಾರ, ಹೋಗಿಬಂದವರು ಮತ್ತೆ ವೇಗದ ತಪ್ಪು ಮಾಡುವುದು ಕಡಿಮೆಯಾಯಿತು. ಅಪಘಾತಗಳು ಕಡಿಮೆಯಾದವೆಂದು ಮಾತ್ರ ಖಚಿತವಾಗಿ ಕಾಣಲಿಲ್ಲ. ತರಗತಿಯನ್ನು ತಾಯಿತವೆಂದು ಭಾವಿಸುವವರಿಗೆ ಇದು ತಿಳಿದಿರಲಿ.

ನಮ್ಮಲ್ಲಿ 2019ರ ತಿದ್ದುಪಡಿಯ ಸುದ್ದಿ ಮುಟ್ಟದ ಊರಿಲ್ಲ. ಅತಿವೇಗಕ್ಕೆ ಮೊದಲ ಸಲ 400 ರೂಪಾಯಿ ಇದ್ದ ದಂಡ ಲಘು ವಾಹನಕ್ಕೆ 1,000ದಿಂದ 2,000, ದೊಡ್ಡ ವಾಹನಕ್ಕೆ 2,000ದಿಂದ 4,000 ಆಯಿತು. ಜನ ಕೂಗಿದರು, ಕರ್ನಾಟಕ ಸರ್ಕಾರ ಅದೇ ಸೆಪ್ಟೆಂಬರ್‌ನಲ್ಲಿ ಹಲವು ದಂಡಗಳನ್ನು ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಬಂದಾಗ ಕಟ್ಟಲು ಸಾಲು ನಿಂತಿತು. ಆಷಾಢದ ಸೀರೆ ಅಂಗಡಿಯಂತೆ ತಪ್ಪಿಗೂ ರಿಯಾಯಿತಿ! ದಂಡವೆಂದರೆ ಬೆಲೆ ಎಂದು ಜನ ತಿಳಿದರೆ ತಪ್ಪು ಯಾರದು?

ಈ ಗದ್ದಲದಲ್ಲಿ ಅದೇ ತಿದ್ದುಪಡಿಯ ಇನ್ನೊಂದು ಮಾತು ಯಾರ ಕಿವಿಗೂ ಬೀಳಲಿಲ್ಲ. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು ಮುಂತಾದ ತಪ್ಪುಗಳಲ್ಲಿ ಪೊಲೀಸರು ಲೈಸೆನ್ಸ್ ವಶಕ್ಕೆ ತೆಗೆದುಕೊಂಡು ಸಾರಿಗೆ ಪ್ರಾಧಿಕಾರಕ್ಕೆ ಕಳಿಸಬಹುದು. ಪ್ರಾಧಿಕಾರ ಚಾಲಕನ ಮಾತು ಕೇಳಿ, ಒಪ್ಪದಿದ್ದರೆ, ಮೊದಲ ಸಲಕ್ಕೆ ಮೂರು ತಿಂಗಳು ಅವನನ್ನು ಅನರ್ಹಗೊಳಿಸುತ್ತದೆ. ಅವಧಿ ಮುಗಿದರೂ ಲೈಸೆನ್ಸ್ ತಾನಾಗಿ ಕೈಗೆ ಬರುವುದಿಲ್ಲ. ಮರುತರಬೇತಿ ಯಶಸ್ವಿಯಾಗಿ ಮುಗಿಸಿದರೆ ಮಾತ್ರ ಎನ್ನುತ್ತದೆ 19ನೇ ಸೆಕ್ಷನ್. 200ನೇ ಸೆಕ್ಷನ್ ಇನ್ನೂ ಸ್ಪಷ್ಟ: ಸ್ಥಳದಲ್ಲೇ ದಂಡ ಕಟ್ಟಿ ರಾಜಿಯಾದರೂ ಲೈಸೆನ್ಸಿನ ಈ ಕ್ರಮದಿಂದಾಗಲಿ ತರಬೇತಿಯ ಹೊಣೆಯಿಂದಾಗಲಿ ಬಿಡುಗಡೆಯಿಲ್ಲ. ದಂಡ ಕಟ್ಟಿದರೆ ಮುಗಿಯಿತು ಎಂಬ ನಮ್ಮೆಲ್ಲರ ನಂಬಿಕೆಯನ್ನು ಕಾನೂನು ಆಗಲೇ ಅಳಿಸಿ ಹಾಕಿದೆ.

ಒಂದು ವ್ಯತ್ಯಾಸ ಇಲ್ಲಿ ಮುಖ್ಯ. ಬ್ರಿಟನ್ನಿನಲ್ಲಿ ತರಗತಿ ಶಿಕ್ಷೆಯ ಬದಲಿಗೆ ಬರುತ್ತದೆ, ನಮ್ಮಲ್ಲಿ ಶಿಕ್ಷೆ ಅನುಭವಿಸಿದ ಮೇಲೆ. ಸ್ವಂತ ಕಾರಿನವನಿಗೆ ಮೂರು ತಿಂಗಳು ತೊಂದರೆ ಅಷ್ಟೇ. ಕ್ರೂಸರ್ ಓಡಿಸುವವನಿಗೆ ಅದು ಮೂರು ತಿಂಗಳ ರೊಟ್ಟಿ. ಸಾಲದ ಕಂತು ಲೈಸೆನ್ಸ್ ಬರಲಿ ಎಂದು ಕಾಯುವುದಿಲ್ಲ. ಹಾಗೆಂದು ಸುಮ್ಮನೆ ಬಿಡುವುದು ಹೇಗೆ? 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಕರ್ನಾಟಕದಲ್ಲೇ 11,702. ದೇಶದ ಸಾವುಗಳಲ್ಲಿ ಶೇ. 71 ಅತಿವೇಗದ ಲೆಕ್ಕಕ್ಕೆ ಬಿದ್ದಿವೆ. ಕೆಟ್ಟ ತಿರುವು, ದೀಪವಿಲ್ಲದ ಕ್ರಾಸ್‌ಗಳ ಪಾಪವೂ ಚಾಲಕನ ತಲೆಗೇ ಬರುತ್ತದೆಂಬ ಅನುಮಾನ ನಮಗಿದೆ. ಅದನ್ನು ಕಳೆದರೂ ಉಳಿಯುವುದು ಸಣ್ಣ ಸಂಖ್ಯೆಯಲ್ಲ.

ವಾಣಿಜ್ಯ ವಾಹನದ ಚಾಲಕನಿಗೆ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ 2019ರಲ್ಲಿ ತೆಗೆಯಿತು, ಓದಿಗಿಂತ ತರಬೇತಿ ಮುಖ್ಯವೆಂದಿತು. 2021ರ ಜುಲೈನಿಂದ ಜಾರಿಗೆ ಬಂದ ನಿಯಮಗಳು ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಮರುತರಬೇತಿಯನ್ನೂ ಒಪ್ಪಿಸಿದವು. ಕಾಗದದ ಮೇಲೆ ಎಲ್ಲವೂ ಇದೆ. ಗುಡೂರಿನ ಚಾಲಕನ ಲೈಸೆನ್ಸಿನ ಕಚೇರಿ ಕೆಎ-29, ಬಾಗಲಕೋಟೆಯದು. ಒಂದು ದಿನದ ಬಾಡಿಗೆ ಬಿಟ್ಟು ಅಲ್ಲಿಗೆ ಹೋಗುವ ಬದಲು ಇಳಕಲ್ಲಿನಲ್ಲೋ ಹುನಗುಂದದಲ್ಲೋ, ಮೊದಲ ತಪ್ಪಿಗೇ, ಲೈಸೆನ್ಸ್ ಕಸಿಯುವ ಮುಂಚೆ, ಅರ್ಧ ದಿನದ ತರಗತಿ ಸಿಕ್ಕರೆ ಅವನು ಬಾರದಿರಲಾರ. ಪಾಠ ಅವನ ಮಾತಿನಲ್ಲೇ ನಡೆಯಲಿ. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಒಂದೇ ಸೆಕೆಂಡಿನಲ್ಲಿ 22 ಮೀಟರ್ ಮುಂದೆ ಹೋಗುತ್ತದೆ. ರಸ್ತೆ ದಾಟುವ ಮಗುವನ್ನು ಕಂಡು ಕಾಲು ಬ್ರೇಕ್ ಮುಟ್ಟುವ ಹೊತ್ತಿಗೆ ಆ 22 ಮೀಟರ್ ಮುಗಿದಿರುತ್ತದೆ. ಉಸ್ತಾದ ಹೇಳಿಕೊಡದೆ ಉಳಿದ ಲೆಕ್ಕ ಇದು.