ವೈದ್ಯವಿದ್ಯಾರ್ಥಿಯ ಅರ್ಜಿ: ಲಿಂಗಸುಗೂರು, ಸಿಂಧನೂರು, ಮಸ್ಕಿ ಪ್ರದೇಶದ ಒಂದು ಚಾರಿತ್ರಿಕ ಪರಿಶೀಲನೆ

ಮಸ್ಕಿ ಎಂದೊಡನೆ ಇತಿಹಾಸಾಭ್ಯಾಸಿಗಳಿಗೆ ನೆನಪಾಗುವುದು ಅಲ್ಲಿಯ ಅಶೋಕ ಶಾಸನ. ಚಿನ್ನದ ಗಣಿಯ ಎಂಜಿನಿಯರರಾಗಿದ್ದ ಬೀಡನ್ ಎಂಬುವರು 1915ರಲ್ಲಿ ಅದನ್ನು ಬೆಳಕಿಗೆ ತಂದ ಮೇಲೆ 'ದೇವಾನಾಂಪ್ರಿಯ'ನೆಂಬ ಬಿರುದಿನ ಅರಸು ಅಶೋಕನೇ ಎಂಬುದು ನಿಸ್ಸಂದೇಹವಾಯಿತು. ಉನ್ನತವಾದ ಫಲವು ದೊಡ್ಡವರಿಗೆ ಮಾತ್ರ ಲಭ್ಯವೆಂದು ತಿಳಿಯಲಾಗದು, ಅಲ್ಪನಾದವನೂ ನಿಷ್ಠೆಯಿಂದ ಅದನ್ನು ಹೊಂದಬಲ್ಲನು ಎಂಬ ಆಶಯ ಆ ಶಾಸನದಲ್ಲಿದೆ. ಪ್ರಸ್ತುತ ಲೇಖನದ ವಿಷಯವಾದರೋ ಇಷ್ಟು ಪ್ರಾಚೀನವಾದುದಲ್ಲ. ಅದೇ ನೆಲದ ಒಬ್ಬ ಹುಡುಗನೋ ಹುಡುಗಿಯೋ ವೈದ್ಯನಾಗಬೇಕೆಂದು ಬಯಸಿದಾಗ ಬರೆಯಬೇಕಾಗಿದ್ದ ಅರ್ಜಿಯ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದೆ.

ಅಧ್ಯಾಪಕ ವೃತ್ತಿಯಲ್ಲಿರುವ ಈ ಲೇಖಕನ ಬಳಿಗೆ ವರ್ಷವರ್ಷವೂ ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ಹೊತ್ತು ಬರುವರು. ಯಾವ ಕಾಲೇಜಿಗೆ ಬರೆಯಬೇಕು? ಯಾವ ಪ್ರಮಾಣಪತ್ರ ಬೇಕು? ಎಷ್ಟು ಅಂಕ ಸಾಕು? ಎಷ್ಟು ಹಣ ಹಿಡಿದೀತು? ಇವು ಈ ತಲೆಮಾರಿನ ಪ್ರಶ್ನೆಗಳೆಂದು ಅವರು ಭಾವಿಸಿದ್ದಾರೆ. ವಾಸ್ತವವಾಗಿ ಈ ತಾಲ್ಲೂಕುಗಳಲ್ಲಿ ಇವು ನೂರು ವರ್ಷಗಳಿಗೂ ಹಿಂದಿನವು. ಅಷ್ಟೇ ಅಲ್ಲ, ಅಂಕದ ಪ್ರಶ್ನೆ ಇಲ್ಲಿ ಎಂದೂ ಮೊದಲನೆಯದಾಗಿರಲಿಲ್ಲ. 'ನೀನು ಯಾವ ಭಾಷೆಯಲ್ಲಿ ಓದಿದವನು?', 'ನೀನು ಯಾವ ಸೀಮೆಯವನು?' ಎಂಬ ಎರಡು ಪ್ರಶ್ನೆಗಳು ಅದಕ್ಕೆ ಮುಂಚೆ ಬರುತ್ತಿದ್ದವು. ಅವುಗಳ ಸರಿಯುತ್ತರ ಯಾವುದೆಂಬುದು ದೂರದ ರಾಜಧಾನಿಗಳಲ್ಲಿ ನಿರ್ಧಾರವಾಗುತ್ತಿತ್ತು. ಆಗಾಗ ಬದಲಾಗುತ್ತಲೂ ಇತ್ತು.

ನಿಜಾಮ ಸಂಸ್ಥಾನದ ಕಾಲದಲ್ಲಿ ಲಿಂಗಸುಗೂರು ಜಿಲ್ಲೆಯ ಮುಖ್ಯಪಟ್ಟಣವಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದುಪಡಿಸಿದ್ದರಿಂದ ಊರು ತಾಲ್ಲೂಕಿನ ಮಟ್ಟಕ್ಕೆ ಇಳಿಯಿತು. ಜಿಲ್ಲೆಯ ಕೆಲಸಕ್ಕೆಲ್ಲ ರಾಯಚೂರನ್ನು ಆಶ್ರಯಿಸುವುದು ಅನಿವಾರ್ಯವಾಯಿತು. ರಾಯಚೂರಿನಲ್ಲಿ 1871ರಿಂದಲೂ ರೈಲು ಇತ್ತು. ಲಿಂಗಸುಗೂರು, ಸಿಂಧನೂರುಗಳಿಗೆ ಇರಲಿಲ್ಲ. ವೈದ್ಯ ಕಲಿಯಬೇಕಾದರೆ ಹುಡುಗನು ಮೊದಲು ರಾಯಚೂರನ್ನು ಸೇರಿ, ಅಲ್ಲಿಂದ ಹೈದರಾಬಾದಿನ ಗಾಡಿ ಹಿಡಿಯಬೇಕು.

ಹೈದರಾಬಾದಿನ ವೈದ್ಯಶಾಲೆ 1846ರಲ್ಲಿ ಸ್ಥಾಪಿತವಾದುದು. ಪಾಶ್ಚಾತ್ಯ ವೈದ್ಯವನ್ನು ಅಲ್ಲಿ ಆರಂಭದಲ್ಲಿ ಉರ್ದುವಿನ ಮೂಲಕ ಬೋಧಿಸಲಾಗುತ್ತಿತ್ತು; ತೇರ್ಗಡೆಯಾದವರನ್ನು ಹಕೀಮರೆಂದೇ ಕರೆಯುತ್ತಿದ್ದರು. ಮುಂದೆ ಬೋಧನೆ ಇಂಗ್ಲಿಷಿಗೆ ತಿರುಗಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದು, 1920ರ ದಶಕದಲ್ಲಿ ಆ ವೈದ್ಯಶಾಲೆಯು ಉಸ್ಮಾನಿಯಾ ವೈದ್ಯಕೀಯ ಕಾಲೇಜಾಗಿ ಬೆಳೆದಾಗ ಉರ್ದು ಮತ್ತೆ ಬೋಧನಭಾಷೆಯಾಯಿತು. ಇದಕ್ಕಾಗಿಯೇ ಭಾಷಾಂತರ ಇಲಾಖೆಯೊಂದು ಕೆಲಸ ಮಾಡಿ, ಅರಬ್ಬೀ, ಫಾರಸಿ ಮೂಲಗಳಿಂದ ಪಾರಿಭಾಷಿಕ ಪದಗಳನ್ನು ರಚಿಸಿ, ಅಂಗರಚನೆ ಮೊದಲಾದ ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತಂದಿತು.

ಈ ಪ್ರಯೋಗವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆಧುನಿಕ ವೈದ್ಯವನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಒಂದು ಭಾರತೀಯ ಭಾಷೆಯಲ್ಲಿ ಕಲಿಸಬಹುದೆಂದು ಅದು ತೋರಿಸಿಕೊಟ್ಟಿತು. ಕನ್ನಡದಲ್ಲಿ ಅಂಥ ಸಾಹಸ ಇಂದಿಗೂ ಆ ಪ್ರಮಾಣದಲ್ಲಿ ನಡೆದಿಲ್ಲ. ಆದರೆ ಲಿಂಗಸುಗೂರಿನ ಕನ್ನಡ ಹುಡುಗನ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಮನೆಯಲ್ಲಿ ಆಡುವುದು ಕನ್ನಡ. ಮೇಲಿನ ತರಗತಿಗಳಲ್ಲಿ ಓದುವುದು ಉರ್ದು. ಇಷ್ಟರ ಮೇಲೆ ಇಂಗ್ಲಿಷೂ ಬೇಕು. ಉರ್ದು ದೇಶಭಾಷೆಯೆಂಬುದು ನಿಜವಾದರೂ ಅವನ ದೇಶದ ಭಾಷೆಯಾಗಿರಲಿಲ್ಲ. ಉರ್ದುವಿನಲ್ಲಿ ಪಳಗಿದವನಿಗೆ ಕಲಬುರಗಿಯ ಇಂಟರ್ಮೀಡಿಯೆಟ್ ಕಾಲೇಜು, ಅದರ ಮುಂದೆ ಹೈದರಾಬಾದು ತೆರೆದಿದ್ದವು. ಇಂಗ್ಲಿಷಿನ ದಾರಿ ಬೇಕೆಂದವನಿಗೆ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದ ಹೈದರಾಬಾದಿನ ನಿಜಾಮ್ ಕಾಲೇಜು ಇತ್ತು. ಅಲ್ಲಿ ಓದುವಷ್ಟು ಅನುಕೂಲ ಹಳ್ಳಿಯ ಎಷ್ಟು ಮನೆಗಳಿಗಿದ್ದೀತೆಂಬುದನ್ನು ಓದುಗರೇ ಊಹಿಸಬಹುದು. ವಿಶ್ವವಿದ್ಯಾಲಯದ ಆಯ್ಕೆಯು ಹೀಗೆ ಹದಿನೇಳನೆಯ ವಯಸ್ಸಿನಲ್ಲಿ ಆಗುತ್ತಿರಲಿಲ್ಲ. ಮಗುವನ್ನು ಯಾವ ಶಾಲೆಗೆ ಹಾಕಿದರೆಂಬುದರಲ್ಲಿ ಅದು ಆಗಿಹೋಗಿರುತ್ತಿತ್ತು.

ಸೀಮೆಯ ಪ್ರಶ್ನೆಗೆ ಸಂಸ್ಥಾನದ ಉತ್ತರ 'ಮುಲ್ಕಿ' ಎಂಬ ಪದ. ಹದಿನೈದು ವರ್ಷಗಳ ನೆಲಸಿಕೆಯಿದ್ದವನು ಮುಲ್ಕಿ, ಅಂದರೆ ನಾಡಿನವನು, ಎಂಬ ನಿಯಮವು 1919ರ ಫರ್ಮಾನಿನಿಂದ ಬಲಗೊಂಡಿತು. ಈ ನಿಯಮ ಮುಖ್ಯವಾಗಿ ಸರ್ಕಾರಿ ನೌಕರಿಗೆ ಸಂಬಂಧಿಸಿದ್ದು. ಆದರೆ ವೈದ್ಯಪದವಿ ಪಡೆದವನ ಗುರಿಯೂ ಬಹುಮಟ್ಟಿಗೆ ಸರ್ಕಾರಿ ದವಾಖಾನೆಯೇ ಆಗಿದ್ದುದರಿಂದ ಅದು ವಿದ್ಯಾರ್ಥಿಯ ಲೆಕ್ಕಾಚಾರದಿಂದ ಹೊರಗಿರಲಿಲ್ಲ. ಈ ಒಂದು ವಿಷಯದಲ್ಲಿ ರಾಯಚೂರು ಸೀಮೆಯವರಿಗೆ ಅನುಕೂಲವಿತ್ತು. ಅವರು ಹುಟ್ಟಿನಿಂದಲೇ ಮುಲ್ಕಿಗಳು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಉಸ್ಮಾನಿಯಾದಲ್ಲಿ ಇಂಗ್ಲಿಷು ಉರ್ದುವಿನ ಸ್ಥಾನವನ್ನು ಆಕ್ರಮಿಸಿತು. ಇದರ ಪರಿಣಾಮವನ್ನು ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಹತ್ತು ವರ್ಷ ಕಷ್ಟಪಟ್ಟು ಉರ್ದು ಕಲಿತು ಆ ಬಾಗಿಲಿಗೆ ಬಂದು ನಿಂತವನಿಗೆ ಅದು ಒಂದು ವಾಕ್ಯದ ಮಾತಾಗಿರಲಾರದು. ಒಂದು ತಲೆಮಾರು ಕೂಡಿಟ್ಟ ಭಾಷಾಸಂಪತ್ತು ಕೆಲವೇ ವರ್ಷಗಳಲ್ಲಿ ಚಲಾವಣೆ ತಪ್ಪಿದ ನಾಣ್ಯವಾಯಿತು.

ಎಂಟು ವರ್ಷಗಳ ಬಳಿಕ ಸೀಮೆಯ ಉತ್ತರವೂ ಬದಲಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡನಾಡಿನ ಏಕೀಕರಣಕ್ಕಾಗಿ ಹಂಬಲಿಸಿದವರಿಗೆ ಅದು ಧನ್ಯತೆಯ ದಿನವೆಂಬುದರಲ್ಲಿ ಸಂಶಯವಿಲ್ಲ. ಆದರೆ ವೈದ್ಯವಿದ್ಯಾರ್ಥಿಯ ಮಟ್ಟಿಗೆ ಅದರ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. ಅದೇ ವರ್ಷದ ಫೆಬ್ರವರಿಯಲ್ಲಿ ಆಂಧ್ರ ಮತ್ತು ತೆಲಂಗಾಣದ ನಾಯಕರ ನಡುವೆ ಆದ 'ಸಭ್ಯರ ಒಪ್ಪಂದ'ದಲ್ಲಿ, ತೆಲಂಗಾಣದ ವಿದ್ಯಾಸೌಲಭ್ಯಗಳನ್ನು ಆ ಪ್ರದೇಶದ ವಿದ್ಯಾರ್ಥಿಗಳಿಗೇ ಕಾಯ್ದಿರಿಸಬೇಕೆಂಬ ಅಂಶ ಸೇರಿತ್ತು. ನೂರು ವರ್ಷಗಳಿಂದ ಈ ಭಾಗದವರಿಗೆ ಸಹಜ ಗುರಿಯಾಗಿದ್ದ ಹೈದರಾಬಾದಿನಲ್ಲಿ ನಿನ್ನೆಯ ಮುಲ್ಕಿಯು ಇಂದು ಪರಸೀಮೆಯವನಾದನು. ಹೊಸ ರಾಜ್ಯದಲ್ಲಿ ಆಗ ಇದ್ದ ವೈದ್ಯಕೀಯ ಕಾಲೇಜುಗಳೋ ದೂರದವು: 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋದದ್ದು ಒಂದು, ಬೆಂಗಳೂರಿನ 1955ರದು ಇನ್ನೊಂದು, ಕರಾವಳಿಯಲ್ಲಿ 1953ರ ಮಣಿಪಾಲದ ಖಾಸಗಿ ಕಾಲೇಜು. ಉತ್ತರದಲ್ಲಿ ಒಂದೂ ಇರಲಿಲ್ಲ.

ಈ ಕೊರತೆ ತಕ್ಕಮಟ್ಟಿಗೆ ಬೇಗ ನೀಗಿತೆಂಬುದನ್ನು ಒಪ್ಪಬೇಕು. 1957ರಲ್ಲಿ ಹುಬ್ಬಳ್ಳಿ, 1961ರಲ್ಲಿ ಬಳ್ಳಾರಿ, 1963ರಲ್ಲಿ ಕಲಬುರಗಿ. ಸಿಂಧನೂರಿನವರಿಗೆ ಬಳ್ಳಾರಿಯು ನೂರು ಕಿಲೋಮೀಟರಿಗೂ ಕಡಿಮೆ ದೂರ; ನಡುವೆ ಹರಿಯುವ ತುಂಗಭದ್ರೆಯು ಒಂದು ಕಾಲಕ್ಕೆ ನಿಜಾಮರ ಸೀಮೆಗೂ ಮದರಾಸು ಪ್ರಾಂತಕ್ಕೂ ಗಡಿಯಾಗಿದ್ದುದರಿಂದ ಆ ಹತ್ತಿರದ ಊರು ಹಿಂದೆ ಪರರಾಜ್ಯವಾಗಿತ್ತು.

ಆದರೆ ಈ ಕಾಲೇಜುಗಳಿಗೆ ಪ್ರವೇಶ ಹೇಗೆ ಎಂಬಲ್ಲಿ ವಿಚಾರಾರ್ಹವಾದ ಒಂದು ಅಧ್ಯಾಯವಿದೆ. ಆಗ ಪಿ.ಯು.ಸಿ. ಪರೀಕ್ಷೆಯನ್ನು ವಿಶ್ವವಿದ್ಯಾಲಯಗಳೇ ನಡೆಸುತ್ತಿದ್ದವು. 1970ರ ಮೈಸೂರು ರಾಜ್ಯದ ನಿಯಮಗಳ ಪ್ರಕಾರ, ವೈದ್ಯಕೀಯ ಸ್ಥಾನಗಳನ್ನು ವಿಶ್ವವಿದ್ಯಾಲಯವಾರಾಗಿ ಹಂಚಲಾಗುತ್ತಿತ್ತು. ಕರ್ನಾಟಕ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜುಗಳಲ್ಲಿ ಆ ವಿಶ್ವವಿದ್ಯಾಲಯದಿಂದಲೇ ತೇರ್ಗಡೆಯಾದವರಿಗೆ ಸ್ಥಾನ; ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಿಗೂ ಇದೇ ಕ್ರಮ. ಹೊರಗಿನವರಿಗೆ ಕೊಡಬಹುದಾದದ್ದು ಶೇಕಡ 20ನ್ನು ಮೀರುವಂತಿರಲಿಲ್ಲ. ಇದು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂಬ ವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಚಂಚಲಾ ಮತ್ತು ಮೈಸೂರು ರಾಜ್ಯದ ನಡುವಣ ಮೊಕದ್ದಮೆಯಲ್ಲಿ, 1971ರಲ್ಲಿ, ನ್ಯಾಯಾಲಯವು ಈ ಹಂಚಿಕೆಯನ್ನು ಎತ್ತಿಹಿಡಿಯಿತು. ಇದಕ್ಕೆ ಮುಂಚೆ ಮದರಾಸಿನ ಜಿಲ್ಲಾವಾರು ಹಂಚಿಕೆಯನ್ನು ಅದೇ ನ್ಯಾಯಾಲಯ ತಳ್ಳಿಹಾಕಿತ್ತೆಂಬುದನ್ನು ನೆನೆದರೆ ಈ ತೀರ್ಪಿನ ಮಹತ್ತ್ವ ತಿಳಿಯುತ್ತದೆ.

ಸಿಂಧನೂರಿನ ಇಬ್ಬರು ಸಹಪಾಠಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬನ ತಂದೆ ಸ್ಥಿತಿವಂತನು; ಉತ್ತಮ ಶಿಕ್ಷಣವಾಗಲೆಂದು ಮಗನನ್ನು ಬೆಂಗಳೂರಿನಲ್ಲಿ ಪಿ.ಯು.ಸಿ.ಗೆ ಸೇರಿಸುತ್ತಾನೆ. ಇನ್ನೊಬ್ಬನು ಗತಿಯಿಲ್ಲದೆ ರಾಯಚೂರಿನಲ್ಲಿ ಉಳಿಯುತ್ತಾನೆ. ಎರಡು ವರ್ಗಗಳ ಸ್ಪರ್ಧೆ ಬೇರೆಬೇರೆ. ಮೊದಲನೆಯವನು ರಾಜಧಾನಿಯ ವಿದ್ಯಾರ್ಥಿಗಳ ಗುಂಪಿನಲ್ಲಿ ಸೆಣಸಬೇಕು. ಎರಡನೆಯವನಿಗೆ ಹುಬ್ಬಳ್ಳಿ, ಕಲಬುರಗಿಗಳ ದಾರಿ ತನ್ನವರ ನಡುವೆಯೇ ತೆರೆದಿರುತ್ತದೆ. ಊರಿನ ಸಮೀಪವೇ ಉಳಿದವನನ್ನು ಆ ನಿಯಮ ಸ್ವಲ್ಪಮಟ್ಟಿಗೆ ಕಾಪಾಡಿತು. ಪರೀಕ್ಷೆಯ ಸಮಾನತೆಯನ್ನೇ ದೊಡ್ಡದೆಂದು ಬಗೆಯುವವರು ಇದನ್ನು ದೋಷವೆನ್ನಬಹುದು. ಈ ಲೇಖಕನಿಗೆ ಅದು ದೋಷವಾಗಿ ತೋರುವುದಿಲ್ಲ. ವಿಶ್ವವಿದ್ಯಾಲಯಗಳ ಮಟ್ಟ ಬೇರೆಬೇರೆಯಾಗಿರುವಾಗ ಅವುಗಳ ಅಂಕಗಳನ್ನು ಒಂದೇ ತಕ್ಕಡಿಯಲ್ಲಿಡುವುದೂ ನ್ಯಾಯವಲ್ಲ.

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬೇರೆಯಾಯಿತು. ಆ ದಶಕದಲ್ಲಿ ಖಾಸಗಿ ಕಾಲೇಜುಗಳ ಹಣದ ಬೇಡಿಕೆ ದೊಡ್ಡ ವಿವಾದವಾಗಿ, 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧದ ಕಾನೂನು ಬಂದಿತು. 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನ ವಾರ್ಷಿಕ ಶುಲ್ಕ ಸರ್ಕಾರಿ ಸ್ಥಾನಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಸೀಮೆಯ ಪ್ರಶ್ನೆ ಇಲ್ಲಿ ರೂಪಾಯಿಗಳಲ್ಲಿ ಬರೆಯಲ್ಪಟ್ಟಿತು. ಸರ್ವೋಚ್ಚ ನ್ಯಾಯಾಲಯದ 1992 ಮತ್ತು 1993ರ ತೀರ್ಪುಗಳ ಫಲವಾಗಿ 1994ರಿಂದ ರಾಜ್ಯಕ್ಕೆಲ್ಲ ಒಂದೇ ಸಾಮಾನ್ಯ ಪ್ರವೇಶ ಪರೀಕ್ಷೆ ಜಾರಿಗೆ ಬಂದಿತು. ಹಣವಂತನ ಅನುಕೂಲಕ್ಕೆ ಅದು ಕಡಿವಾಣ ಹಾಕಿದುದು ಸರಿಯೇ. ಆದರೆ ಸಿಂಧನೂರಿನವನೂ ಬೆಂಗಳೂರಿನವನೂ ಒಂದೇ ಯಾದಿಯಲ್ಲಿ ನಿಲ್ಲುವಂತಾಗಿ, ಹಿಂದಿನ ಆ ಸಣ್ಣ ರಕ್ಷಣೆಯೂ ಹೋಯಿತು.

ಅದು ಬೇರೆ ರೂಪದಲ್ಲಿ ಮರಳಿದ್ದು ಸಂವಿಧಾನದ 371ನೆಯ ಅನುಚ್ಛೇದದ 'ಜೆ' ಉಪಬಂಧದಿಂದ. 2012ರ 98ನೆಯ ತಿದ್ದುಪಡಿ ಮತ್ತು 2013ರ ಆದೇಶಗಳಂತೆ ಹೈದರಾಬಾದು ಕರ್ನಾಟಕದ, ಅಂದರೆ 2019ರಿಂದ ಕಲ್ಯಾಣ ಕರ್ನಾಟಕವೆನಿಸಿಕೊಂಡಿರುವ ಪ್ರದೇಶದ, ವಿದ್ಯಾಸಂಸ್ಥೆಗಳಲ್ಲಿ ಶೇಕಡ 70, ರಾಜ್ಯದ ಉಳಿದೆಡೆ ಶೇಕಡ 8 ಸ್ಥಾನಗಳು ಸ್ಥಳೀಯರಿಗೆ. ಈ ವೇಳೆಗೆ 2007ರಲ್ಲಿ ರಾಯಚೂರಿಗೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿತ್ತು; 2015ರಲ್ಲಿ ಕೊಪ್ಪಳಕ್ಕೂ ಬಂದಿತು. ಸ್ಥಳೀಯನು ಯಾರು? ಈ ಪ್ರದೇಶದಲ್ಲಿ ಹುಟ್ಟಿದವನು, ಇಲ್ಲವೆ ಹತ್ತು ವರ್ಷ ನೆಲಸಿದವನು, ಇಲ್ಲವೆ ಅಂಥವರ ಮಕ್ಕಳು. 1919ರಲ್ಲಿ ಹದಿನೈದು, 2013ರಲ್ಲಿ ಹತ್ತು. ಪ್ರಶ್ನೆ ಮಾತ್ರ ಅದೇ. 1953ರ ಬಳಿಕ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನರಸಿ ಆಂಧ್ರದ ಕಡೆಯಿಂದ ಬಂದು ಸಿಂಧನೂರಿನ ಸುತ್ತ ಕ್ಯಾಂಪುಗಳಲ್ಲಿ ನೆಲಸಿದ ರೈತರ ಮೊಮ್ಮಕ್ಕಳು, ಮನೆಯಲ್ಲಿ ತೆಲುಗು ಆಡುವವರಾದರೂ, ಈ ವ್ಯಾಖ್ಯೆಯಂತೆ ಸ್ಥಳೀಯರೇ. ಕನ್ನಡನಾಡಿನ ಚರಿತ್ರೆಯನ್ನು ಬರೆಯುವವರು ಇದನ್ನು ಸಂತೋಷದಿಂದಲೇ ಗಮನಿಸಬೇಕು.

ಭಾಷೆಯ ಪ್ರಶ್ನೆಗೆ ಈಗಿನ ಉತ್ತರ ವಿಚಿತ್ರವಾಗಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಪ್ರವೇಶ ನಿಯಮಗಳಲ್ಲಿ ಶೇಕಡ 5ರ ಮೀಸಲಾತಿಯುಂಟು. ಅಖಿಲ ಭಾರತ ಪ್ರವೇಶ ಪರೀಕ್ಷೆಯಾದ 'ನೀಟ್' 2017ರಿಂದ ಕನ್ನಡದಲ್ಲಿಯೂ ನಡೆಯುತ್ತದೆ. ಒಳಗೆ ಕಾಲಿಟ್ಟ ದಿನದಿಂದ ಪಾಠವೆಲ್ಲ ಇಂಗ್ಲಿಷು. ಉಸ್ಮಾನಿಯಾದಲ್ಲಿ ಬಾಗಿಲೂ ಒಳಮನೆಯೂ ಒಂದೇ ಭಾಷೆಯವಾಗಿದ್ದವು, ಆ ಭಾಷೆ ಹುಡುಗನದಾಗಿರಲಿಲ್ಲ. ಈಗ ಬಾಗಿಲು ಅವನ ಭಾಷೆಯದು, ಒಳಮನೆ ಅಲ್ಲ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಲೇ ಎಂದು ಕೇಳುವ ವಿದ್ಯಾರ್ಥಿಗೆ ಈ ಲೇಖಕನು ತೆಗೆದುಕೋ ಎಂದೇ ಹೇಳುತ್ತಾನೆ. ಆದರೆ ಇಂಗ್ಲಿಷ್ ಪಠ್ಯಪುಸ್ತಕವನ್ನು ಆ ಬೇಸಿಗೆಯಲ್ಲಿಯೇ ತೆರೆ ಎಂದು ಸೇರಿಸದೆ ಬಿಡುವುದಿಲ್ಲ.

ಪ್ರಮಾಣಪತ್ರದ ಮಾತು ಉಳಿಯಿತು. ಕರ್ನಾಟಕದಲ್ಲಿ ಏಳು ವರ್ಷ ಓದಿದುದಕ್ಕೆ ಶಾಲೆಯ ದಾಖಲೆ ಬೇಕು. ಸ್ಥಳೀಯನೆಂಬ ಅರ್ಹತಾಪತ್ರವನ್ನು ಕೊಡುವವರು ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು. ಸಿಂಧನೂರು ಮತ್ತು ಮಸ್ಕಿಯ ವಿದ್ಯಾರ್ಥಿಗಳು ಅದಕ್ಕಾಗಿ ಹೋಗಬೇಕಾದುದು ಲಿಂಗಸುಗೂರಿಗೆ. 1905ರಲ್ಲಿ ಜಿಲ್ಲೆಯ ಕಛೇರಿಯನ್ನು ಕಳೆದುಕೊಂಡ ಊರಿನಲ್ಲಿ, ಫಲಿತಾಂಶ ಬರುವ ತಿಂಗಳುಗಳಲ್ಲಿ, ಆ ಕಛೇರಿಯ ಮುಂದೆ ತಂದೆತಾಯಿಯರ ಜೊತೆಗೆ ಮಕ್ಕಳು ಸಾಲುಗಟ್ಟಿ ನಿಂತಿರುವುದನ್ನು ಕಾಣಬಹುದು.