ಬಾಳೂ ಪಾಲವಣಕರರಿಗೆ ಸಂದ ಮಾನಪತ್ರ

ರಾಜರು ದಿಗ್ವಿಜಯವನ್ನು ಮುಗಿಸಿ ರಾಜಧಾನಿಯನ್ನು ಪ್ರವೇಶಿಸಿದ ಸಂಭ್ರಮವನ್ನು ನಮ್ಮ ಶಾಸನಗಳೂ ಕಾವ್ಯಗಳೂ ಬೇಕಾದಷ್ಟು ವರ್ಣಿಸಿವೆ. ಆಟದಲ್ಲಿ ಗೆದ್ದವನು ಊರಿಗೆ ಹಿಂದಿರುಗಿದಾಗ ಜನರು ಹೇಗೆ ನಡೆದುಕೊಂಡರೆಂಬುದನ್ನು ಮಾತ್ರ ಚರಿತ್ರಕಾರರು ಅಷ್ಟಾಗಿ ಲಕ್ಷಿಸಿಲ್ಲ. ಆದರೂ ಈ ಆಚಾರವು ಬಹು ಪುರಾತನವಾದುದು. ಕ್ರಿ. ಪೂ. 412ರಲ್ಲಿ ಸಿಸಿಲಿ ದ್ವೀಪದ ಆಕ್ರಗಾಸ್ ಪಟ್ಟಣದವನಾದ ಎಕ್ಸೈನೆಟಸನು ಒಲಿಂಪಿಯಾದ ಓಟದ ಪಂದ್ಯದಲ್ಲಿ ಗೆದ್ದು ಬಂದಾಗ, ಬಿಳಿಯ ಕುದುರೆಗಳನ್ನು ಕಟ್ಟಿದ 300 ರಥಗಳು ಅವನೊಡನೆ ಪಟ್ಟಣವನ್ನು ಹೊಕ್ಕವೆಂದು ಡಿಯೊಡೋರಸನು ಬರೆದಿರುವನು. ಇಂಥ ಸಂಭ್ರಮವನ್ನು ಕಂಡು ಬೇಸರಪಟ್ಟವರೂ ಅಲ್ಲಿ ಇದ್ದರು. ತೋಳ ಬಲಕ್ಕಿಂತ ತನ್ನ ಜ್ಞಾನವೇ ಮೇಲೆಂದು ಕ್ಸೆನೋಫೇನಿಸ್ ಕವಿಯು ಗೊಣಗಿಕೊಂಡಿದ್ದುದುಂಟು. ಪಂಡಿತರ ಈ ಅಸಮಾಧಾನವು ಎಲ್ಲ ದೇಶಗಳಲ್ಲಿಯೂ ಒಂದೇ ತೆರನಾದುದು.

ನಮ್ಮ ನಾಡಿಗೆ ಬಂದರೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕವಾದ ಪ್ರಕರಣವೇ ಇರುವುದು. ಕೊಳಕೂರ, ಜೇವರ್ಗಿ, ಅಫಜಲಪುರಗಳ ಸೀಮೆಯಲ್ಲಿ ಜಾತ್ರೆಯ ಕುಸ್ತಿಯು ಟೆಂಗಿನಕಾಯಿಯ ಜೋಡಿಗಳಿಂದ ಮೊದಲಾಗಿ ಬೆಳ್ಳಿಯ ಕಡಗದ ಜೋಡಿಯಲ್ಲಿ ಮುಗಿಯುವುದನ್ನೂ, ಗೆದ್ದ ಪೈಲವಾನನಿಗೆ ರುಮಾಲು ಸುತ್ತಿ ಹಲಗೆಯ ನಾದದೊಡನೆ ಮನೆಗೆ ಮುಟ್ಟಿಸುವುದನ್ನೂ ವಾಚಕರಿಗೆ ಹೇಳಬೇಕಾದುದಿಲ್ಲ. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಕುಸ್ತಿಯ ಕಂಚಿನ ಪದಕವನ್ನು ಪಡೆದ ಖಾಶಾಬಾ ಜಾಧವರು ಕೃಷ್ಣಾತೀರದ ಕರಾಡಕ್ಕೆ ಮರಳಿದಾಗ ನೂರಕ್ಕೂ ಮಿಕ್ಕ ಎತ್ತಿನ ಬಂಡಿಗಳ ಮೆರವಣಿಗೆ ನಡೆಯಿತು. ಆಕ್ರಗಾಸದ ರಥಗಳಿಗೂ ಕರಾಡದ ಬಂಡಿಗಳಿಗೂ ಎರಡು ಸಾವಿರದ ಮುನ್ನೂರು ವರ್ಷಗಳಿಗಿಂತ ಹೆಚ್ಚಿನ ಅಂತರವಿದ್ದರೂ ಭಾವವು ಒಂದೇ.

ಆದರೆ ಗೆದ್ದು ಬಂದವನನ್ನು ತಮ್ಮವನೆಂದು ಎದುರುಗೊಳ್ಳುವ ಜನರೇ ಅವನನ್ನು ತಮ್ಮ ಪಂಕ್ತಿಯಲ್ಲಿ ಕುಳ್ಳಿರಿಸಲು ಹಿಂಜರಿದರೆ ಆ ಸ್ವಾಗತಕ್ಕೆ ಅರ್ಥವೇನು? ಈ ಪ್ರಶ್ನೆಯನ್ನು ತನ್ನ ಬಾಳಿನಿಂದಲೇ ಎತ್ತಿದ ಆಟಗಾರರೊಬ್ಬರು ನಮ್ಮ ಧಾರವಾಡದಲ್ಲಿ ಜನಿಸಿದರು. ಅವರೇ ಬಾಳೂ ಪಾಲವಣಕರರು.

1875-76ರ ಸುಮಾರಿಗೆ ಜನಿಸಿದ ಬಾಳೂ ಅವರದು ಚರ್ಮಕಾರ ಕುಲ. ಮನೆತನದ ಹೆಸರು ಕೊಂಕಣದ ಊರಿನಿಂದ ಬಂದುದು. ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು ಪುಣೆಯಲ್ಲಿ ನೆಲಸಿತ್ತು. ಅಲ್ಲಿ ಸೈನ್ಯಾಧಿಕಾರಿಗಳು ಬಿಸುಟ ದಾಂಡು ಚೆಂಡುಗಳೇ ಈ ಬಾಲಕನಿಗೂ ಅವನ ತಮ್ಮ ಶಿವರಾಮನಿಗೂ ಕ್ರಿಕೆಟ್ಟಿನ ಪ್ರಥಮ ಪಾಠವನ್ನು ಹೇಳಿದವು. ಪಾರಸಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿಯ ಸಂಬಳಕ್ಕೆ ಮೈದಾನವನ್ನು ಗುಡಿಸಿ ಹದಮಾಡುವ ಕೆಲಸ ದೊರೆಯಿತು. 1892ರಲ್ಲಿ ಯುರೋಪಿಯನರ ಪೂನಾ ಕ್ಲಬ್ಬನ್ನು ಸೇರಿದಾಗ ಸಂಬಳವು 4 ರೂಪಾಯಿಯಾಯಿತು. ಅಲ್ಲಿ ಗ್ರೇಗ್ ಎಂಬ ಅಧಿಕಾರಿಯು ಮಿಕ್ಕವರಿಗಿಂತ ಮುಂಚೆಯೇ ಬಂದು ಬಾಳೂ ಅವರ ಎಸೆತಕ್ಕೆ ಎದುರಾಗಿ ಅಭ್ಯಾಸ ಮಾಡುತ್ತಿದ್ದನು. ತನ್ನನ್ನು ಔಟು ಮಾಡಿದ ಪ್ರತಿಯೊಂದು ಸಲಕ್ಕೂ ಎಂಟಾಣೆ ಕೊಡುತ್ತಿದ್ದನೆಂದು ಹೇಳುವರು. ಎಡಗೈಯಿಂದ ನಿಧಾನವಾಗಿ ಚೆಂಡನ್ನೆಸೆದು ತಿರುಗಿಸುವ ಅವರ ಕೌಶಲವು ಹೀಗೆ ಸಾವಿರಾರು ಎಸೆತಗಳಿಂದ ಪಕ್ವವಾಯಿತು. ದಾಂಡನ್ನು ಹಿಡಿಯುವ ಅವಕಾಶವನ್ನು ಮಾತ್ರ ಯಾರೂ ಕೊಡಲಿಲ್ಲ. ಎಸೆಯುವುದು ಸೇವಕನ ಕೆಲಸ, ಹೊಡೆಯುವುದು ಯಜಮಾನನ ಭೋಗ ಎಂಬುದು ಆ ಮೈದಾನದ ಧರ್ಮಶಾಸ್ತ್ರವಾಗಿದ್ದಿತು!

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನರನ್ನು ಸೋಲಿಸಬೇಕೆಂಬ ಆಸೆ ಬಲವಾಗಿತ್ತು. ಅದಕ್ಕೆ ಈ ಎಡಗೈಯು ಅವಶ್ಯವಾಗಿತ್ತು. ತಂಡದೊಳಗೆ ವಾದವಿವಾದವಾಗಿ ಕಡೆಗೆ ಅವರನ್ನು ಸೇರಿಸಿಕೊಂಡರು. ಅಂಗಳದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಆಟ ನಿಂತೊಡನೆ ಮಿಕ್ಕವರಿಗೆ ಒಳಗೆ ಪಿಂಗಾಣಿಯ ಬಟ್ಟಲಿನಲ್ಲಿ ಚಹ, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹ; ಊಟಕ್ಕೆ ಬೇರೆ ಮೇಜು, ಬೇರೆ ತಟ್ಟೆ. ಮಹಾಭಾರತದ ರಂಗಭೂಮಿಯಲ್ಲಿ ಕರ್ಣನು ಬಿಲ್ಲನ್ನೆತ್ತಿ ನಿಂತಾಗ ಕೃಪಾಚಾರ್ಯರು ಅವನ ಕುಲವನ್ನು ಕೇಳಿದರಷ್ಟೆ. ಅಲ್ಲಿ ಸ್ಪರ್ಧೆಗೆ ಮೊದಲು ಕುಲವನ್ನು ಕೇಳಿದರು. ಪುಣೆಯಲ್ಲಿ ಸ್ಪರ್ಧೆಯಾದ ಮೇಲೆ, ಚಹದ ಹೊತ್ತಿಗೆ ಕೇಳಿದರು. ಯಾವುದು ಹೆಚ್ಚು ಕ್ರೂರವೆಂಬುದನ್ನು ವಿಚಾರಶೀಲರು ನಿರ್ಣಯಿಸಿಕೊಳ್ಳಲಿ.

ಆ ಕಾಲದಲ್ಲಿಯೂ ಎಲ್ಲರೂ ಸುಮ್ಮನಿರಲಿಲ್ಲ. ಸಾತಾರೆಯ ಯುರೋಪಿಯನ್ ತಂಡವನ್ನು ಸೋಲಿಸಿ ಬಂದ ಬಾಳೂ ಅವರಿಗೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಸಾರ್ವಜನಿಕ ಸಭೆಯಲ್ಲಿ ಮಾಲೆಯನ್ನು ಹಾಕಿದರು. ಇವರೊಡನೆ ಆಡುವುದಾದರೆ ಇವರೊಡನೆ ಉಣ್ಣುವುದಕ್ಕೂ ಅಡ್ಡಿಯಿರಬಾರದೆಂಬುದು ರಾನಡೆಯವರ ಅಭಿಪ್ರಾಯವಾಗಿತ್ತು. ಮುಂದೆ 1896ರ ಪ್ಲೇಗಿನ ಕಾಲದಲ್ಲಿ ಬಾಳೂ ಅವರು ಮುಂಬಯಿಗೆ ಬಂದು ಹಿಂದೂ ಜಿಮಖಾನೆಯ ಪರವಾಗಿ ಆಡಿದರು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡವು 242 ಮತ್ತು 160 ಓಟಗಳನ್ನು ಗಳಿಸಿ, ಯುರೋಪಿಯನರನ್ನು 191ಕ್ಕೂ 102ಕ್ಕೂ ಉರುಳಿಸಿ, 109 ಓಟಗಳಿಂದ ಗೆದ್ದಿತು. ಅಣ್ಣನೊಡನೆ ಶಿವರಾಮರೂ ತಂಡದಲ್ಲಿದ್ದರು. ಅಷ್ಟರಲ್ಲಿ ಮುಂಬಯಿಯಲ್ಲಿ ಸಹಭೋಜನದ ನಿಷೇಧವೂ ಸಡಿಲಿತ್ತು. ಗೆಲುವಿಗೆ ಇದೂ ಒಂದು ಕಾರಣವೆಂದು ಸುಧಾರಕರ ಪತ್ರಿಕೆಗಳು ಬರೆದವು.

ಇನ್ನು 1911ರ ವಿಷಯ. ಆ ವರ್ಷ ಪಾರಸಿ, ಹಿಂದೂ, ಮುಸಲ್ಮಾನ ಆಟಗಾರರನ್ನು ಕೂಡಿಸಿದ ಮೊದಲನೆಯ ಅಖಿಲ ಭಾರತ ತಂಡವು ಪಟಿಯಾಲೆಯ ತರುಣ ಮಹಾರಾಜ ಭೂಪಿಂದರ ಸಿಂಹನ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋಯಿತು. ಪಂದ್ಯಗಳಲ್ಲಿ ಬಹುಭಾಗ ಸೋತವೇ. ಲೀಸ್ಟರ್‌ಷೈರ್, ಸೋಮರ್‌ಸೆಟ್ ತಂಡಗಳ ಮೇಲೆ ಗೆಲುವು ದೊರೆತುದಷ್ಟೇ ಸಮಾಧಾನ. ಸೋಮರ್‌ಸೆಟ್ಟಿನ ಮೇಲೆ ಶಿವರಾಮರು ಶತಕವನ್ನು ಬಾರಿಸಿದರು. ಬಾಳೂ ಅವರು ಮಾತ್ರ ಭುಜದ ನೋವನ್ನು ಸಹಿಸಿಕೊಂಡು ಆ ಪ್ರವಾಸದಲ್ಲಿ 114 ವಿಕೆಟ್ಟುಗಳನ್ನು ಕೆಡವಿದರು. ಆಗ ಅವರಿಗೆ ವಯಸ್ಸು ಮೂವತ್ತೈದು ಎಂಬುದನ್ನು ಮರೆಯಬಾರದು.

ಹಡಗಿನಿಂದಿಳಿದು ಮುಂಬಯಿಗೆ ಮರಳಿದ ಬಾಳೂ ಅವರಿಗೆ ಅಸ್ಪೃಶ್ಯರೆನಿಸಿಕೊಂಡ ಸಮಾಜದವರು ಸತ್ಕಾರಸಭೆಯನ್ನು ಏರ್ಪಡಿಸಿದರು. ಆ ಸಭೆಯ ಮಾನಪತ್ರವನ್ನು ಸಿದ್ಧಪಡಿಸಿದವರು ಎಲ್ಫಿನ್‌ಸ್ಟನ್ ಕಾಲೇಜಿನ ಇಪ್ಪತ್ತು ವರ್ಷದ ವಿದ್ಯಾರ್ಥಿ ಭೀಮರಾವ ಅಂಬೇಡಕರರು ಎಂದು ಪ್ರಸಿದ್ಧವಾಗಿದೆ. ತಂಡವು ಸೋತು ಬಂದಿದ್ದರೂ ಆ ಜನರಿಗೆ ಅದು ಸೋಲಾಗಿ ಕಾಣಲಿಲ್ಲ. ದೊರೆಗಳ ದೇಶದಲ್ಲಿ ದೊರೆಗಳನ್ನೇ ಔಟು ಮಾಡಿ ಬಂದವರು ತಮ್ಮ ಕೇರಿಯ ಮನುಷ್ಯರೆಂಬ ಹೆಮ್ಮೆಯೇ ಅಲ್ಲಿ ಮುಖ್ಯವಾಗಿತ್ತು. ಅಭಿಮಾನಿಗಳ ಉತ್ಸಾಹವೆಂದರೆ ಹುಚ್ಚೆಂದು ತಳ್ಳಿಹಾಕುವವರು ಇದನ್ನು ಯೋಚಿಸಬೇಕು: ಬಾವಿಯ ನೀರನ್ನು ಸೇದಲಾರದವರಿಗೆ 114 ಎಂಬ ಅಂಕೆಯು ಬರಿಯ ಅಂಕೆಯಾಗಿರಲಿಲ್ಲ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವವು ಬಾಳೂ ಅವರಿಗೆ ಬರಲಿಲ್ಲ. 1913ರಲ್ಲಿ ಎಂ. ಡಿ. ಪೈಯವರನ್ನು ನಾಯಕರನ್ನಾಗಿ ಮಾಡಿದರು. ಪೈಯವರ ಗೌರವಾರ್ಥವಾಗಿ ಅವರ ಸಮಾಜದವರು ಸಭೆ ಕೂಡಿಸಿದಾಗ, ಹಿರಿಯರೂ ಅನುಭವಿಗಳೂ ಆದ ಬಾಳೂ ಅವರಿಗೇ ಈ ಪದವಿ ಸಲ್ಲಬೇಕಾಗಿತ್ತೆಂದು ಅವರು ಬಿಚ್ಚುಮಾತಿನಲ್ಲಿ ಹೇಳಿದರು. ತನಗೆ ಹಾಕಿದ ಹಾರವನ್ನು ಮತ್ತೊಬ್ಬನ ಕೊರಳಿಗೆ ಸಲ್ಲತಕ್ಕದ್ದೆನ್ನುವವರು ವಿರಳ. 1920ರಲ್ಲಿ ಪೈಯವರು ಆಡಲಾರದೆ ಹೋದಾಗ ನಾಯಕತ್ವವು ಕಿರಿಯರಾದ ದೇವಧರರಿಗೆ ಹೋಯಿತು. ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟರು. ತಮ್ಮಂದಿರಾದ ವಿಠ್ಠಲ, ಶಿವರಾಮರು ಇದು ಜಾತಿಯ ಕಾರಣದಿಂದಾದ ಅವಮಾನವೆಂದು ಪ್ರಕಟವಾಗಿ ಸಾರಿ ಹಿಂದೆ ಸರಿದರು. ಜನರಲ್ಲಿ ಗದ್ದಲವೆದ್ದಿತು. ಕಡೆಯ ಪಂದ್ಯಕ್ಕೆ ಪೈಯವರು ಮರಳಿದರು, ಸೋದರರೂ ಮರಳಿದರು, ಬಾಳೂ ಅವರಿಗೆ ಉಪನಾಯಕತ್ವ ದೊರೆಯಿತು. ಮೂರು ವರ್ಷಗಳ ಮೇಲೆ, 1923ರಲ್ಲಿ, ವಿಠ್ಠಲರು ನಾಯಕರಾಗಿ ತಂಡವನ್ನು ಗೆಲ್ಲಿಸಿದರು. ಅಣ್ಣನ ಬಾಗಿಲಿಗೆ ಬಾರದ ಪದವಿಯು ತಮ್ಮನ ಬಾಗಿಲಿಗೆ ಬಂದಿತು.

ಆಟವನ್ನು ಬಿಟ್ಟ ಮೇಲೆ ಬಾಳೂ ಅವರು ರಾಜಕಾರಣಕ್ಕೆ ಇಳಿದರು. 1932ರ ಪುಣೆಯ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ನಿಲ್ಲಿಸಿತು. ಎದುರಾಳಿಯಾಗಿ ನಿಂತವರು ಡಾಕ್ಟರ್ ಅಂಬೇಡಕರರು. ಇಪ್ಪತ್ತಾರು ವರ್ಷಗಳ ಹಿಂದೆ ಮಾನಪತ್ರವನ್ನು ಬರೆದ ಕೈಗೂ ಅದನ್ನು ಸ್ವೀಕರಿಸಿದ ಕೈಗೂ ಹೀಗೆ ಸ್ಪರ್ಧೆ ಒದಗಿತು. ಅಂಬೇಡಕರರಿಗೆ 13,245, ಬಾಳೂ ಅವರಿಗೆ 11,225 ಮತಗಳು ಬಿದ್ದವು. ಅದಾದ ಹದಿನೆಂಟು ವರ್ಷಗಳಿಗೆ, 1955ರ ಜುಲೈ 4ರಂದು, ಬಾಳೂ ಅವರು ಮುಂಬಯಿಯಲ್ಲಿ ತೀರಿಕೊಂಡರು.