ಖಾನಾಪುರದ ಗರಗಸ, ಬೆಳಗಾವಿಯ ಕಿಡಿ

1880ರ ದಶಕದ ಕೊನೆಯ ವರ್ಷಗಳಲ್ಲಿ, ಒಂದಕ್ಕೊಂದು ಗೊತ್ತಿಲ್ಲದಂತೆ, ಎರಡು ಕೆಲಸಗಳು ನಡೆದವು. ಸದರ್ನ್ ಮರಾಠಾ ರೈಲ್ವೆಯ ಹಳಿ ಬೆಳಗಾವಿಯಿಂದ ಖಾನಾಪುರ ದಾಟಿ ಲೋಂಡಾದ ಕಾಡು ಹೊಕ್ಕಿತು. ಅದೇ ಕಾಲದಲ್ಲಿ, 1887ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನ ಸಣ್ಣ ಕಾರ್ಖಾನೆಯಲ್ಲಿ ರಾಬರ್ಟ್ ಬಾಷ್ ಗಿರಾಕಿಯೊಬ್ಬರ ಎಂಜಿನ್ನಿಗಾಗಿ ಮ್ಯಾಗ್ನೆಟೊ ತಯಾರಿಸಿದರು. ಹಳಿ ಖಾನಾಪುರದ ಮರವನ್ನು ದೂರದ ಪೇಟೆಗೆ ಮುಟ್ಟಿಸಿತು. ಮ್ಯಾಗ್ನೆಟೊ ಬ್ಯಾಟರಿಯ ಹಂಗಿಲ್ಲದೆ ಕಿಡಿ ಹುಟ್ಟಿಸಿತು. ಆ ಕಿಡಿ ಈ ಕಾಡಿಗೆ ಬಂದು ಮರ ಕೊಯ್ಯುವ ಹೊತ್ತಿಗೆ ರೈಲಿಗೆ ವಯಸ್ಸಾಗಿತ್ತು.

ಅಲ್ಲಿಯವರೆಗೆ ಖಾನಾಪುರ ತಾಲ್ಲೂಕಿನಲ್ಲಿ ಮರ ಉರುಳುತ್ತಿದ್ದುದು ತೋಳಿನ ಬಲದಿಂದಲೇ. ಸಾಗವಾನಿ, ಮತ್ತಿ, ಹೊನ್ನೆ, ನಂದಿ, ಕಿಂದಲದಂಥ ಮರಗಳಿಗೆ ಮೊದಲು ಕೊಡಲಿಯ ಏಟು, ಆಮೇಲೆ ಇಬ್ಬರು ಎದುರುಬದುರು ಕೂತು ಎಳೆಯುವ ಅಡ್ಡ ಗರಗಸ. ಹಲಗೆ ಸೀಳಬೇಕೆಂದರೆ ಕುಳಿ ತೋಡಿ ಅದರ ಮೇಲೆ ದಿಮ್ಮಿ ಉರುಳಿಸುತ್ತಿದ್ದರು. ಒಬ್ಬ ಮೇಲೆ ನಿಂತು ಗೆರೆ ತಪ್ಪದಂತೆ ಎಳೆದರೆ, ಕೆಳಗಿದ್ದವನು ಕಣ್ಣಿಗೆ ಬೀಳುವ ಹೊಟ್ಟು ತಡೆದುಕೊಂಡು ಜಗ್ಗಬೇಕು. ಗರಗಸ ಕೈಕೊಟ್ಟರೆ ಕಾರಣ ಎದುರಿಗೇ ಇರುತ್ತಿತ್ತು: ಹಲ್ಲು ಮೊಂಡಾಗಿದೆ, ಇಲ್ಲವೇ ಹಲ್ಲಿನ ಹರವು ಕಡಿಮೆಯಾಗಿ ಅಲಗು ಸೀಳಿನಲ್ಲಿ ಸಿಕ್ಕಿಕೊಂಡಿದೆ. ಒಂದು ಅರ ಜೊತೆಗಿದ್ದರೆ ಮರದ ಬುಡದಲ್ಲೇ ಕೂತು ಸರಿಮಾಡಬಹುದಿತ್ತು. ಪೆಟ್ರೋಲ್ ಗರಗಸದ ಮಾತು ಬಂದಾಗ ಎಲ್ಲರೂ ವೇಗದ ಬಗ್ಗೆ ಹೇಳುತ್ತಾರೆ. ದುಡಿಯುವವನ ಕಡೆಯಿಂದ ನೋಡಿದರೆ ಇನ್ನೊಂದು ಬದಲಾವಣೆಯೂ ಅಷ್ಟೇ ದೊಡ್ಡದು. ಕಣ್ಣಿಗೆ ಕಾಣದ ಕಾರಣಕ್ಕೆ ನಿಂತುಬಿಡುವ ಹತ್ಯಾರವೊಂದು ಅವನ ಕೈಗೆ ಬಂದದ್ದು ಅದೇ ಮೊದಲು.

ಆ ಹತ್ಯಾರಕ್ಕೂ ಸ್ಟುಟ್‌ಗಾರ್ಟ್ ಸೀಮೆಯೇ ತವರು. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ ಓಡುವ ಚೈನ್ ಗರಗಸ ಮಾಡಿದರು, 1929ರಲ್ಲಿ ಪೆಟ್ರೋಲಿನದು. 46 ಕಿಲೊ ತೂಗುತ್ತಿದ್ದ ಆ ಯಂತ್ರ ಹಿಡಿಯಲು ಇಬ್ಬರು ಬೇಕಿತ್ತು. 1959ರ ‘ಕಾಂಟ್ರಾ’ ಮಾದರಿ ಅಷ್ಟೇ ಶಕ್ತಿಯನ್ನು, ಎಂದರೆ ಆರು ಅಶ್ವಶಕ್ತಿಯನ್ನು, 12 ಕಿಲೊದಲ್ಲಿ ಕೊಟ್ಟಿತು. ಹೆಗಲ ಮೇಲೆ ಹೊತ್ತು ಕಾಡಿಗೆ ಹೋಗುವ ಯಂತ್ರದಲ್ಲಿ ಆಗ ಬ್ಯಾಟರಿಗೆ ಜಾಗವಿರಲಿಲ್ಲ. ಹಾಗಾಗಿ ಬಾಷ್ ಕಂಪನಿಯ ಎಂಜಿನಿಯರ್ ಗಾಟ್ಲೊಬ್ ಹೊನೊಲ್ಡ್ 1902ರ ಹೊತ್ತಿಗೆ ಸ್ಪಾರ್ಕ್ ಪ್ಲಗ್ಗಿನ ಜೊತೆ ಹೊಂದಿಸಿದ್ದ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ತತ್ವವೇ ಇಲ್ಲಿಗೂ ಬಂತು.

ಕೆಲಸ ಹೀಗೆ. ಹಗ್ಗ ಎಳೆದಾಗ ತಿರುಗುವ ಗಾಲಿಯಲ್ಲಿ ಅಯಸ್ಕಾಂತ ಕೂತಿರುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಇಡೀ ಗಾಲಿಗೇ ‘ಮ್ಯಾಗ್ನೆಟ್’ ಎಂದು ಹೆಸರು. ಅದು ಕಾಯಿಲಿನ ಪಕ್ಕ ಹಾಯುವಾಗ ದಪ್ಪ ತಂತಿಯ ಸುತ್ತಿನಲ್ಲಿ ಕರೆಂಟ್ ಹುಟ್ಟುತ್ತದೆ. ಸರಿಯಾದ ಗಳಿಗೆಯಲ್ಲಿ ಪಾಯಿಂಟ್ ಬಾಯಿ ತೆರೆದು ಆ ಕರೆಂಟನ್ನು ಥಟ್ಟನೆ ಕಡಿಯುತ್ತದೆ. ಕಡಿದ ಕ್ಷಣ, ಸಾವಿರಾರು ಸುತ್ತುಗಳ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ಅರ್ಧ ಮಿಲಿಮೀಟರ್ ಸಂದನ್ನು ಹಾರುತ್ತದೆ. ಪಾಯಿಂಟಿನ ಸಂದಾದರೂ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅಷ್ಟು ಸಣ್ಣ ಜಾಗದಲ್ಲಿ ತುಸು ಎಣ್ಣೆ, ಕಿಲುಬು ಅಥವಾ ತೇವ ಸೇರಿದರೆ ಗರಗಸ ನಿಂತಂತೆಯೇ.

ತೇವಕ್ಕೆ ಖಾನಾಪುರದಲ್ಲಿ ಬರವಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಅದರಾಚೆಯ ಆಮಗಾಂವ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿವೆ. ಮರ ರಸ್ತೆಗೆ ಅಡ್ಡ ಬೀಳುವುದೂ, ವಿದ್ಯುತ್ ತಂತಿಯ ಮೇಲೆ ಕೊಂಬೆ ಒರಗುವುದೂ ಮಳೆಗಾಲದ ತಿಂಗಳುಗಳಲ್ಲೇ. ಜಾಂಬೋಟಿಯಿಂದ ಚೋರ್ಲಾ ಘಟ್ಟದ ಕಡೆ ಹೋಗುವ ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿರುವಾಗ ಗರಗಸದ ಅಗತ್ಯ ಎಷ್ಟಿರುತ್ತದೋ, ಅದು ಹೊತ್ತದೆ ಸತಾಯಿಸುವ ಸಂಭವವೂ ಅಷ್ಟೇ ಇರುತ್ತದೆ.

ಇದನ್ನು ಸರಿಮಾಡುವ ವಿದ್ಯೆ ಕಾಡಿನಿಂದ ಬಂದದ್ದಲ್ಲ, ಸುಮಾರು 26 ಕಿಲೊಮೀಟರ್ ದೂರದ ಬೆಳಗಾವಿಯಂಥ ಪೇಟೆಗಳ ಗ್ಯಾರೇಜುಗಳಿಂದ ಬಂದದ್ದು. ಯಂತ್ರ ಬಿಚ್ಚಿ ನೋಡುವ ಹುರುಪು ಆ ಊರಿಗೆ ಹಳೆಯದು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಅವರು ಕಿರ್ಲೋಸ್ಕರವಾಡಿಗೆ ಹೊರಟುಹೋದರೂ ರಸ್ತೆಯೊಂದರ ಹೆಸರಾಗಿ ಊರಿನಲ್ಲಿ ಉಳಿದಿದ್ದಾರೆ. ಮುಂದೆ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳು, ಲೇತ್‌ಗಳು ಬಂದವು. ಗರಗಸಕ್ಕೆ ನೇರವಾಗಿ ಒದಗಿದ್ದು ಮಾತ್ರ ಸ್ಕೂಟರ್. ಪುಣೆಯಿಂದ ಬಂದ ಬಜಾಜ್ ಸ್ಕೂಟರು, 1972ರ ನಂತರದ ಲೂನಾ, ಎರಡೂ ಚೈನ್ ಗರಗಸದಂತೆ ಟೂ-ಸ್ಟ್ರೋಕ್, ಎರಡರಲ್ಲೂ ಇದೇ ಮ್ಯಾಗ್ನೆಟ್, ಇದೇ ಪಾಯಿಂಟ್. ಲೂನಾದ ಪಾಯಿಂಟ್ ಉಜ್ಜಿ ಪಳಗಿದ ಕೈಗೆ ಚೈನ್ ಗರಗಸದ ಹೊಟ್ಟೆ ಅಪರಿಚಿತವಾಗಿರಲಿಲ್ಲ.

‘ಕರೆಂಟ್ ಬರವಲ್ದು’ ಎಂದು ಗಿರಾಕಿ ಯಂತ್ರ ತಂದಿಟ್ಟರೆ ಒಳ್ಳೆಯ ಮೆಕ್ಯಾನಿಕ್ ಆ ಮಾತನ್ನು ಹಾಗೇ ನಂಬುವುದಿಲ್ಲ. ಮೊದಲು ಪ್ಲಗ್ ಬಿಚ್ಚಿ ಮೂತಿ ನೋಡುತ್ತಾನೆ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ, ಕಿಡಿಯದು ತಪ್ಪಿಲ್ಲ. ಒದ್ದೆಯಾಗಿದ್ದರೆ ಅನುಮಾನ ಕಿಡಿಯ ಮೇಲೆ. ಕರ್ರಗೆ ಜಿಡ್ಡು ಕಟ್ಟಿದ್ದರೆ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಅಳತೆ ಮೀರಿರಬಹುದು. ಆಮೇಲೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿ ಹಗ್ಗ ಎಳೆಯುತ್ತಾನೆ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುವುದರಿಂದ ಕಿಡಿಯನ್ನು ಅಲ್ಲಿಂದ ದೂರವೇ ಹಿಡಿಯಬೇಕು. ನೀಲಿ ಕಿಡಿ ಚಟಪಟ ಎಂದರೆ ಸರಿ. ಬರದಿದ್ದರೆ ಕಾಯಿಲಿಗೆ ಕೈಹಾಕುವ ಮುಂಚೆ ಸ್ವಿಚ್ಚಿನ ಸಣ್ಣ ವೈರ್ ಕಳಚಿ ಮತ್ತೊಮ್ಮೆ ಎಳೆಯುವುದುಂಟು. ಎಂಜಿನ್ ಆರಿಸಲೆಂದು ಇರುವ ಆ ವೈರಿನ ಮೇಲ್ಸಿಪ್ಪೆ ಅದುರಿ ಅದುರಿ ಸವೆದು ಎಂಜಿನ್ನಿನ ಮೈಗೆ ತಾಗಿದರೆ, ಸ್ವಿಚ್ ಹೇಗಿದ್ದರೂ ಗರಗಸ ಸದಾ ಆರಿಯೇ ಇರುತ್ತದೆ. ಪೈಸೆ ಖರ್ಚಿಲ್ಲದ ಈ ಒಂದು ಪರೀಕ್ಷೆ ಬಿಟ್ಟು ಹೊಸ ಕಾಯಿಲ್ ಕೊಂಡವರು ಬಹಳ ಮಂದಿ.

ನಂತರದ್ದು ಕ್ಯಾಪಿನೊಳಗಿನ ಸ್ಪ್ರಿಂಗ್, ಪ್ಲಗ್ಗಿನ ವೈರಿನ ಸೀಳು, ಕೊನೆಗೆ ಕಾಯಿಲಿಗೂ ಮ್ಯಾಗ್ನೆಟ್ಟಿಗೂ ನಡುವಿನ ಸಂದು. ಆ ಸಂದು ಸುಮಾರು 0.3 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಇಲ್ಲದ ಕಡೆ ವಿಸಿಟಿಂಗ್ ಕಾರ್ಡ್ ತೂರಿಸಿ ಸ್ಕ್ರೂ ಬಿಗಿಯುತ್ತಾರೆ. ಇಷ್ಟೆಲ್ಲ ಸರಿಯಿದ್ದೂ ಹಗ್ಗ ಕೈಯನ್ನು ಹಿಂದಕ್ಕೆ ಒದ್ದರೆ ಮ್ಯಾಗ್ನೆಟ್ಟಿನ ಕೀ ಮುರಿದು, ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದೆ ಎಂದು ಅರ್ಥ.

1968ರಲ್ಲಿ ಸ್ಟಿಲ್ ಕಂಪನಿ ಎಲೆಕ್ಟ್ರಾನಿಕ್ ಇಗ್ನಿಶನ್ ಇರುವ ಗರಗಸ ತಂದ ಮೇಲೆ ಪಾಯಿಂಟಿನ ಕಾಲ ನಿಧಾನವಾಗಿ ಮುಗಿಯಿತು. ಉಜ್ಜಲು ಏನೂ ಉಳಿಯಲಿಲ್ಲ, ಎಲ್ಲವೂ ಗಟ್ಟಿ ರಾಳದೊಳಗೆ ಮುಚ್ಚಿಹೋಯಿತು. ಮಳೆಗಾಲದ ಕಿಲುಬಿನಿಂದ ಬಿಡುಗಡೆ ಸಿಕ್ಕಿತು. ಅದರ ಬದಲಿಗೆ ಹೊಸ ಕಾಯಿಲೆಯೊಂದು ಬಂತು: ತಣ್ಣಗಿರುವಾಗ ಚೆನ್ನಾಗಿ ಓಡುವ ಗರಗಸ ಕಾದ ಮೇಲೆ ಸಾಯುತ್ತದೆ, ಆರಿದ ಮೇಲೆ ಮತ್ತೆ ಏಳುತ್ತದೆ. ಅಂಗಡಿಗೆ ತಂದಾಗ ತಣ್ಣಗಾಗಿರುವುದರಿಂದ ದೋಷ ಕಾಣಿಸುವುದೇ ಇಲ್ಲ. ಬಿಸಿ ಇರುವಾಗಲೇ ಕಿಡಿ ನೋಡಬೇಕು. ಬರದಿದ್ದರೆ ಕಾಯಿಲ್ ಬದಲಿಸುವುದೊಂದೇ ದಾರಿ. ರಿಪೇರಿ ಎಂಬುದು ಬಹುಮಟ್ಟಿಗೆ ಪತ್ತೆ ಹಚ್ಚುವ ಕೆಲಸವಾದದ್ದು ಹೀಗೆ.

ಇತ್ತ ಗರಗಸ ಕೊಯ್ಯುವ ಮರವೂ ಬದಲಾಯಿತು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ಕೊಟ್ಟ ಆದೇಶ ಅರಣ್ಯದ ಕಾರ್ಯಯೋಜನೆಯ ಹೊರಗಿನ ಮರ ಕಡಿತವನ್ನು ದೇಶದಾದ್ಯಂತ ತಡೆಯಿತು. 2011ರಲ್ಲಿ ಭೀಮಗಡದ 190 ಚದರ ಕಿಲೊಮೀಟರ್ ಕಾಡು ವನ್ಯಧಾಮವಾಯಿತು. ಆ ಕಾಡು ಉಳಿದದ್ದು ತಾಲ್ಲೂಕಿನ ದೊಡ್ಡ ಭಾಗ್ಯ. ಬೆಳಗಾವಿ–ಖಾನಾಪುರ–ಗೋವಾ ಹೆದ್ದಾರಿಯ ಅಗಲೀಕರಣಕ್ಕೆ ಬಲಿಯಾದ ದಾರಿಬದಿಯ ಮರಗಳ ಬಗ್ಗೆ ಹಾಗೆ ಹೇಳುವಂತಿಲ್ಲ. ಅವು ಬಿದ್ದದ್ದು ತುಂಬಲಾರದ ನಷ್ಟ. ಈಗ ಗರಗಸದ ನಿತ್ಯದ ಕೆಲಸವೆಂದರೆ ಬಿರುಗಾಳಿಗೆ ಬಿದ್ದ ಮರ, ಹೊಲದ ಬದುವಿನ ಅಕೇಶಿಯಾ, ನೀಲಗಿರಿ.

ಟೂ-ಸ್ಟ್ರೋಕ್ ಸ್ಕೂಟರು ರಸ್ತೆಯಿಂದ ಬಹುಮಟ್ಟಿಗೆ ಮರೆಯಾಯಿತು, ಪೆಟ್ರೋಲ್ ಲೂನಾ ಹೋಯಿತು. ಹೊಸದಾಗಿ ಕೆಲಸ ಕಲಿಯುವ ಹುಡುಗ ಫೋರ್-ಸ್ಟ್ರೋಕ್ ಬೈಕ್ ಬಿಚ್ಚಿಯೇ ದೊಡ್ಡವನಾಗುತ್ತಾನೆ. ಟೂ-ಸ್ಟ್ರೋಕಿನ ತಿಳಿವಳಿಕೆಗೆ ಉಳಿದಿರುವ ಆಸರೆ ಚೈನ್ ಗರಗಸ, ಕಳೆ ಕತ್ತರಿಸುವ ಯಂತ್ರ, ಔಷಧಿ ಸಿಂಪಡಿಸುವ ಪಂಪು. ಅದರ ಮೇಲೆ ಪೆಟ್ರೋಲಿಗೆ ಎಥನಾಲ್ ಬೆರೆತಿದೆ. ಅದು ತೇವ ಹೀರುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಮಿಶ್ರಣ ಕೆಡುತ್ತದೆ, ದೂರು ಮಾತ್ರ ಕಿಡಿಯ ಮೇಲೆ ಬರುತ್ತದೆ. ಕೆಲವು ಹೊಸ ಗರಗಸಗಳಲ್ಲಿ ಕಿಡಿಯ ಗಳಿಗೆಯನ್ನೂ ಪೆಟ್ರೋಲಿನ ಅಳತೆಯನ್ನೂ ಚಿಪ್ ನಿರ್ಧರಿಸುತ್ತದೆ, ದೋಷ ಓದಲು ಕಂಪನಿಯ ಉಪಕರಣವೇ ಬೇಕು. ಬ್ಯಾಟರಿ ಗರಗಸದಲ್ಲಂತೂ ಕಿಡಿಯ ಪ್ರಶ್ನೆಯೇ ಇಲ್ಲ. ನಗರದ ತೋಟಗಳ ಕೊಂಬೆಗಳಿಗೆ ಅದು ಸಾಕು. ಕಣಕುಂಬಿ ಕಡೆ ಮಳೆಯಲ್ಲಿ ಬಿದ್ದ ದೊಡ್ಡ ಮತ್ತಿಯನ್ನು ರಸ್ತೆಯಿಂದ ಎತ್ತಬೇಕಾದರೆ ಈಗಲೂ ಹಗ್ಗ ಎಳೆಯುವ ಪೆಟ್ರೋಲ್ ಗರಗಸವೇ ಬರಬೇಕು.